ಕೋಶಮರಣದ ಕಿಣ್ವಗಳು ಮತ್ತು ಆಲ್ಝೈಮರ್ ಕಾಯಿಲೆ: ಒಂದು ಪಾರಿಭಾಷಿಕ ವಿವೇಚನೆ

1. ಪೀಠಿಕೆ

'ಅರವತ್ತಕ್ಕೆ ಅರಳು ಮರಳು' ಎಂಬುದು ಕನ್ನಡದಲ್ಲಿ ಬಹುಬಳಕೆಯಲ್ಲಿರುವ ಗಾದೆ. ವಯಸ್ಸಾದವರ ಮರೆವನ್ನೂ ತಡವರಿಕೆಯನ್ನೂ ಆಯುಷ್ಯದ ಸಹಜಧರ್ಮವೆಂದು ಒಪ್ಪಿಕೊಳ್ಳುವ ಮನೋಭಾವ ಈ ಗಾದೆಯ ಹಿಂದಿದೆ. ದ. ರಾ. ಬೇಂದ್ರೆಯವರು ಈ ಜೋಡುನುಡಿಯನ್ನೇ ತಮ್ಮ ಕವನ ಸಂಕಲನವೊಂದಕ್ಕೆ ಹೆಸರಾಗಿಸಿಕೊಂಡರು. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 'ಅರಳು' ಎಂಬಲ್ಲಿ ಹೂವಿನ ಅರಳುವಿಕೆಯೂ 'ಮರಳು' ಎಂಬಲ್ಲಿ ಹಿಂದಿರುಗುವಿಕೆಯೂ ಕಾವ್ಯದ ಕಿವಿಗೆ ಕೇಳಿಸಬಲ್ಲವು. ಆದರೆ ಮನೆಯ ಹಿರಿಯರೊಬ್ಬರು ಬೆಳಗಿನ ಊಟವಾದದ್ದನ್ನು ಮರೆತು ಮತ್ತೆ ಊಟ ಕೇಳಿದಾಗ, ತಾವು ದಿನವೂ ನಡೆದ ಓಣಿಯಲ್ಲಿಯೇ ದಾರಿ ತಪ್ಪಿದಾಗ ಈ ಗಾದೆ ಬೇರೊಂದು ಕೆಲಸ ಮಾಡುತ್ತದೆ. ಅದು ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸದಂತೆ ಮಾಡುತ್ತದೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ, ಓದು ಬಲ್ಲವರಿಗಿಂತ ಶಾಲೆಯ ಮುಖ ಕಾಣದವರಲ್ಲಿ ಇದರ ಪ್ರಮಾಣ ಹೆಚ್ಚು. ಡಿಮೆನ್ಷಿಯಾದ ಹಲವು ಕಾರಣಗಳಲ್ಲಿ ಆಲ್ಝೈಮರ್ ಕಾಯಿಲೆ ಪ್ರಮುಖವಾದುದು. ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಈ ತೊಂದರೆ ಇಲ್ಲವೆಂಬುದೇ ಗಾದೆಯ ಮಾತಿಗೆ ಸಾಕಷ್ಟು ಉತ್ತರವಾಗಿದೆ. ವೃದ್ಧಾಪ್ಯ ಬೇರೆ, ರೋಗ ಬೇರೆ.

ಈ ರೋಗದಲ್ಲಿ ಮಿದುಳಿನ ನರಕೋಶಗಳು ಸಾಯುತ್ತವೆ. ಅವುಗಳ ಸಾವಿಗೆ 'ಕ್ಯಾಸ್ಪೇಸ್' ಎಂಬ ಕಿಣ್ವಗಳ ಗುಂಪು ಕಾರಣವಿರಬಹುದೆಂಬ ವಿಚಾರ 1990ರ ದಶಕದಿಂದ ಚರ್ಚೆಯಲ್ಲಿದೆ. ಕನ್ನಡದ ವಿಜ್ಞಾನ ಬರಹಗಳಲ್ಲಿ ಇಂಥ ಕಿಣ್ವಗಳನ್ನು 'ಕೋಶಹಂತಕ' ಎಂದು ಕರೆಯುವುದು ಸುಲಭ. ಆದರೆ ಈ ಹೆಸರು ಎಷ್ಟು ಸರಿ? ಈ ಕಿಣ್ವಗಳು ಆಲ್ಝೈಮರ್ ಮಿದುಳಿನಲ್ಲಿ ನಿಜವಾಗಿ ಏನು ಮಾಡುತ್ತವೆ? ಈ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ರೋಗದ ಸ್ವರೂಪ

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಎಂಬ 51 ವರ್ಷದ ಮಹಿಳೆಯನ್ನು ಕರೆತರಲಾಯಿತು. ತನ್ನ ಹೆಸರನ್ನು ಪೂರ್ತಿಯಾಗಿ ಬರೆಯಲೂ ಆಕೆಗೆ ಆಗುತ್ತಿರಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯನು ಆಕೆಯ ಮಿದುಳಿನ ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ನಿನ ಸಭೆಯಲ್ಲಿ ತನ್ನ ವರದಿಯನ್ನು ಮಂಡಿಸಿದನು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರನ್ನಿಟ್ಟನು.

ಆ ಮಿದುಳಿನಲ್ಲಿ ಕಂಡುಬಂದ ಲಕ್ಷಣಗಳು ಇಂದಿಗೂ ಈ ರೋಗದ ಗುರುತುಗಳಾಗಿವೆ. ಮೊದಲನೆಯದು, ನರಕೋಶಗಳ ಹೊರಗೆ ಜಮೆಯಾಗುವ ಗಡ್ಡೆಗಳು. ಇವು ಬೀಟಾ ಅಮೈಲಾಯ್ಡ್ ಎಂಬ, ಹೆಚ್ಚಾಗಿ 40 ಅಥವಾ 42 ಅಮೈನೋ ಆಮ್ಲಗಳುಳ್ಳ ಪ್ರೋಟೀನಿನ ತುಣುಕಿನಿಂದಾದವು. ಕೋಶದ ಪೊರೆಯಲ್ಲಿರುವ ದೊಡ್ಡದೊಂದು ಪೂರ್ವಪ್ರೋಟೀನನ್ನು ಬೇರೆ ಕಿಣ್ವಗಳು ಕತ್ತರಿಸಿದಾಗ ಈ ತುಣುಕು ಹುಟ್ಟುತ್ತದೆ. ಎರಡನೆಯದು, ನರಕೋಶಗಳ ಒಳಗೆ ಕಾಣುವ ಎಳೆಗಳ ಸಿಕ್ಕು. ಇದು ಟೌ ಎಂಬ ಪ್ರೋಟೀನಿನದು. ಇಳಕಲ್ಲಿನ ಮಗ್ಗದ ಮೇಲೆ ಹಾಸಿನ ಎಳೆಗಳು ಒಂದಕ್ಕೊಂದು ತಾಗದಂತೆ ನೇರವಾಗಿ ನಿಂತರೆ ಮಾತ್ರ ಲಾಳಿ ಓಡಾಡುತ್ತದೆ. ನರಕೋಶದ ಉದ್ದನೆಯ ಬಾಲದೊಳಗೂ ಅಂಥ ಸೂಕ್ಷ್ಮ ನಳಿಕೆಗಳ ಸಾಲುಗಳಿದ್ದು, ಅವುಗಳ ಮೇಲೆ ಸಾಮಗ್ರಿಗಳ ಸಾಗಾಟ ನಡೆಯುತ್ತದೆ. ಈ ನಳಿಕೆಗಳನ್ನು ಸ್ಥಿರವಾಗಿಡುವುದು ಟೌ ಪ್ರೋಟೀನಿನ ಕೆಲಸ. ಅದು ಕಳಚಿಕೊಂಡು ತನ್ನಲ್ಲೇ ಹೆಣೆದುಕೊಂಡಾಗ ಸಿಕ್ಕುಗಳು ಉಂಟಾಗುತ್ತವೆ.

ಈ ವಿಕಾರಗಳ ಜೊತೆಗೆ ನರಕೋಶಗಳ ನಾಶವೂ ನಡೆಯುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಅದಕ್ಕೆ ಹೊಂದಿಕೊಂಡ ಎಂಟೊರೈನಲ್ ತೊಗಟೆಯಲ್ಲಿ ಹಾನಿ ಬಹು ಬೇಗ ಆರಂಭವಾಗುತ್ತದೆ. ಎಂಟೊರೈನಲ್ ತೊಗಟೆಯ ಎರಡನೆಯ ಪದರದಲ್ಲಿ, ರೋಗಲಕ್ಷಣಗಳು ತೀರ ಸೌಮ್ಯವಾಗಿರುವ ಹಂತದಲ್ಲಿಯೇ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇಲ್ಲವಾಗಿರುತ್ತವೆಂದು 1996ರಲ್ಲಿ ಪ್ರಕಟವಾದ ಎಣಿಕೆಯೊಂದು ತೋರಿಸಿತು. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ಊಹಿಸಬಹುದು. ಹಳೆಯ ಬಾಗಲಕೋಟೆಯಲ್ಲಿ ಬೆಳೆದು, ಆಲಮಟ್ಟಿಯ ಹಿನ್ನೀರಿನ ದೆಸೆಯಿಂದ ನವನಗರಕ್ಕೆ ಬಂದು ನೆಲೆಸಿದ ಹಿರಿಯರೊಬ್ಬರಿಗೆ ಈ ಕಾಯಿಲೆ ತಗುಲಿತೆಂದುಕೊಳ್ಳೋಣ. ಮುಳುಗಿದ ಓಣಿಯ ಮನೆಗಳನ್ನು ಅವರು ಸಾಲಾಗಿ ಹೇಳಬಲ್ಲರು. ಈಗಿರುವ ಸೆಕ್ಟರಿನಲ್ಲಿ ತಮ್ಮ ಮನೆಯ ಬಾಗಿಲು ಅವರಿಗೆ ಸಿಗುವುದಿಲ್ಲ. ಮನೆಯವರು ಇದನ್ನು ಊರು ಕಳೆದುಕೊಂಡ ದುಃಖವೆಂದು ತಿಳಿಯುವ ಸಂಭವವುಂಟು. ದುಃಖವೂ ಇರಬಹುದು, ಆದರೆ ಅದರೊಡನೆ ಮಿದುಳಿನ ಒಂದು ನಿರ್ದಿಷ್ಟ ಭಾಗದಲ್ಲಿ ನಡೆದಿರುವ ನಷ್ಟವೂ ಇದೆ.

3. ಕೋಶಮರಣ: ಪರಿಕಲ್ಪನೆ ಮತ್ತು ಪದ

ಜೀವಕೋಶಗಳು ಎರಡು ಬಗೆಯಲ್ಲಿ ಸಾಯಬಹುದು. ಪೆಟ್ಟು, ಸೋಂಕು, ರಕ್ತದ ಅಭಾವಗಳಿಂದ ಕೋಶವು ಊದಿ ಒಡೆದು ತನ್ನ ಒಳದ್ರವವನ್ನು ಸುತ್ತಲೂ ಚೆಲ್ಲಿ ಸಾಯುವುದು ಒಂದು ಬಗೆ. ಕೋಶವು ತನ್ನೊಳಗಿನ ವ್ಯವಸ್ಥೆಯಿಂದಲೇ ಕುಗ್ಗಿ, ತುಣುಕುಗಳಾಗಿ, ನೆರೆಯ ಕೋಶಗಳಿಗೆ ಆಹಾರವಾಗಿ ಸದ್ದಿಲ್ಲದೆ ಮರೆಯಾಗುವುದು ಇನ್ನೊಂದು ಬಗೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಎರಡನೆಯದನ್ನು 'ಅಪೊಪ್ಟೋಸಿಸ್' ಎಂದು ಕರೆದರು. ಗಿಡದಿಂದ ಎಲೆಯೋ ಹೂವಿನಿಂದ ಎಸಳೋ ಉದುರುವುದನ್ನು ಸೂಚಿಸುವ ಈ ಗ್ರೀಕ್ ಶಬ್ದವನ್ನು ಅವರಿಗೆ ಸೂಚಿಸಿದವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರಾದ ಜೇಮ್ಸ್ ಕಾರ್ಮ್ಯಾಕ್. ಜೀವವಿಜ್ಞಾನದ ಒಂದು ಮಹತ್ತ್ವದ ಪದ ಭಾಷಾ ಅಧ್ಯಾಪಕರೊಬ್ಬರಿಂದ ಬಂದಿತೆಂಬುದು ಭಾಷಾ ವಿಭಾಗಗಳಲ್ಲಿ ದುಡಿಯುವವರು ಗಮನಿಸಬೇಕಾದ ಸಂಗತಿ.

ಈ ರೂಪಕ ಘಟಪ್ರಭೆಯ ದಂಡೆಯ ಕಲಾದಗಿಯಲ್ಲಿ ಯಾರಿಗೂ ಅಪರಿಚಿತವಲ್ಲ. 1885ರಲ್ಲಿ ವಿಜಾಪುರಕ್ಕೆ ವರ್ಗವಾಗುವವರೆಗೆ ಬ್ರಿಟಿಷರ ಜಿಲ್ಲಾಕೇಂದ್ರವಾಗಿದ್ದ ಈ ಊರು ಇಂದು ದಾಳಿಂಬೆ, ಪೇರಲ, ಚಿಕ್ಕುಗಳಿಗೆ ಹೆಸರಾಗಿದೆ. ದಾಳಿಂಬೆಯ ಬೆಳೆಗಾರರು ಹೂವಿನ ಹಂಗಾಮನ್ನು 'ಬಹಾರ' ಎನ್ನುತ್ತಾರೆ. ಬಹಾರ ಹಿಡಿಯುವ ಮೊದಲು ತೋಟಕ್ಕೆ ನೀರು ನಿಲ್ಲಿಸಿ, ಗಿಡವನ್ನು ಬಾಡಿಸಿ, ಎಲೆಗಳನ್ನು ಉದುರಿಸುತ್ತಾರೆ. ಅನಂತರ ಗೊಬ್ಬರ ನೀರು ಕೊಟ್ಟಾಗ ಗಿಡ ಒಮ್ಮೆಲೇ ಚಿಗುರಿ ಹೂ ಬಿಡುತ್ತದೆ. ಈ ಎಲೆ ಉದುರುವಿಕೆ ನಷ್ಟವಲ್ಲ, ಬೆಳೆಯ ಒಂದು ಭಾಗ. 2000ದ ದಶಕದಲ್ಲಿ ಬಾಗಲಕೋಟೆ ಜಿಲ್ಲೆಯ ತೋಟಗಳನ್ನು ಕಾಡಿದ ದುಂಡಾಣು ಅಂಗಮಾರಿ ರೋಗದಲ್ಲಿಯೂ ಎಲೆಗಳು ಉದುರಿದವು, ಕಾಯಿಗಳು ಸೀಳಿದವು. ಎರಡರಲ್ಲಿಯೂ ನೆಲದ ಮೇಲೆ ಕಾಣುವುದು ಉದುರಿದ ಎಲೆಯೇ. ಉದುರಿದ್ದು ವ್ಯವಸ್ಥೆಯಿಂದಲೋ ರೋಗದಿಂದಲೋ ಎಂಬುದನ್ನು ಎಲೆಯನ್ನಷ್ಟೇ ನೋಡಿ ಹೇಳಲಾಗದು. ಆಲ್ಝೈಮರ್ ಸಂಶೋಧನೆಯ ತೊಡಕೂ ಬಹುಮಟ್ಟಿಗೆ ಇದೇ ಆಗಿದೆ.

4. ಕ್ಯಾಸ್ಪೇಸ್ ಕಿಣ್ವಗಳ ಕಾರ್ಯವಿಧಾನ

ಕೋಶಮರಣದ ಹಿಂದಿನ ಯಂತ್ರ ಮೊದಲು ಸ್ಪಷ್ಟವಾದದ್ದು ಸುಮಾರು ಒಂದು ಮಿಲಿಮೀಟರ್ ಉದ್ದದ ದುಂಡುಹುಳವೊಂದರಲ್ಲಿ. ಈ ಹುಳದ ಬೆಳವಣಿಗೆಯಲ್ಲಿ ಹುಟ್ಟುವ 1090 ದೇಹಕೋಶಗಳಲ್ಲಿ 131 ಕೋಶಗಳು ಪ್ರತಿಬಾರಿಯೂ ತಪ್ಪದೆ ಸಾಯುತ್ತವೆ. ಈ ಸಾವಿಗೆ ಬೇಕಾದ ಜೀನುಗಳನ್ನು ರಾಬರ್ಟ್ ಹಾರ್ವಿಟ್ಝ್ ಅವರ ತಂಡ ಗುರುತಿಸಿತು. ಅವುಗಳಲ್ಲಿ ಒಂದರಿಂದಾಗುವ ಪ್ರೋಟೀನು ಮನುಷ್ಯರ ಒಂದು ಕಿಣ್ವವನ್ನು ಹೋಲುತ್ತದೆಂದು 1993ರಲ್ಲಿ ತಿಳಿದುಬಂದಿತು. ಹುಳದಿಂದ ಮನುಷ್ಯನವರೆಗೆ ಸಾವಿನ ವ್ಯವಸ್ಥೆ ಒಂದೇ ಮೂಲದ್ದೆಂಬ ತಿಳಿವಳಿಕೆ ಇದರಿಂದ ದೊರೆಯಿತು. 2002ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಸಿಡ್ನಿ ಬ್ರೆನ್ನರ್ ಮತ್ತು ಜಾನ್ ಸಲ್ಸ್ಟನ್ ಅವರೊಡನೆ ಹಾರ್ವಿಟ್ಝ್ ಹಂಚಿಕೊಂಡರು.

ಈ ಬಗೆಯ ಕಿಣ್ವಗಳಿಗೆ 1996ರಲ್ಲಿ ಕ್ಯಾಸ್ಪೇಸ್ ಎಂಬ ಹೆಸರು ನಿಗದಿಯಾಯಿತು. ಈ ಹೆಸರಿನಲ್ಲಿ ಮೂರು ತುಣುಕುಗಳಿವೆ. ಕಿಣ್ವದ ಕತ್ತರಿಸುವ ಅಲಗಿನಲ್ಲಿರುವುದು ಸಿಸ್ಟೀನ್ ಎಂಬ ಅಮೈನೋ ಆಮ್ಲ. ಅದು ಕತ್ತರಿಸುವುದು ಪ್ರೋಟೀನಿನ ಸರಪಳಿಯಲ್ಲಿ ಆಸ್ಪಾರ್ಟೇಟ್ ಇರುವ ಜಾಗದ ಬೆನ್ನಿಗೆ. ಕೊನೆಯ 'ಏಸ್' ಎಂಬುದು ಕಿಣ್ವಸೂಚಕ ಪ್ರತ್ಯಯ. ಮೂಲ ಹೆಸರಿನಲ್ಲಿ ಕತ್ತರಿಸುವ ಕ್ರಿಯೆಯ ವಿವರಣೆ ಇದೆಯೇ ಹೊರತು ಕೊಲೆಯ ಪ್ರಸ್ತಾಪವಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಕ್ಯಾಸ್ಪೇಸ್‌ಗಳು ಕೋಶದಲ್ಲಿ ಸದಾ ಇರುತ್ತವೆ, ಆದರೆ ಒರೆಯಲ್ಲಿಟ್ಟ ಕತ್ತಿಯಂತೆ ನಿಷ್ಕ್ರಿಯವಾಗಿರುತ್ತವೆ. ಕೋಶಮರಣದಲ್ಲಿ ಭಾಗವಹಿಸುವವುಗಳಲ್ಲಿ ಎರಡು ವರ್ಗಗಳಿವೆ. 8 ಮತ್ತು 9ನೆಯವು ಆರಂಭಕ ಕಿಣ್ವಗಳು. 3, 6 ಮತ್ತು 7ನೆಯವು ನಿರ್ವಾಹಕ ಕಿಣ್ವಗಳು. ಕೋಶಕ್ಕೆ ತೀವ್ರ ಆಘಾತವಾದಾಗ ಅದರ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಬರುತ್ತದೆ. ಅದು ಮತ್ತೊಂದು ಪ್ರೋಟೀನಿನೊಡನೆ ಕೂಡಿ ಚಕ್ರಾಕಾರದ ರಚನೆಯೊಂದನ್ನು ಕಟ್ಟುತ್ತದೆ. ಆ ಚಕ್ರದ ಮೇಲೆ 9ನೆಯ ಕ್ಯಾಸ್ಪೇಸ್ ಎಚ್ಚರಗೊಂಡು 3ನೆಯದನ್ನು ಕತ್ತರಿಸಿ ಎಬ್ಬಿಸುತ್ತದೆ. 3ನೆಯದು ಕೋಶದ ನೂರಾರು ಪ್ರೋಟೀನುಗಳನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತದೆ, ಡಿ.ಎನ್.ಎ.ಯನ್ನು ತುಂಡರಿಸುವ ಕಿಣ್ವವೂ ಆಗ ಬಿಡುಗಡೆಯಾಗುತ್ತದೆ. ಇಷ್ಟೆಲ್ಲ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಜೀವಮಾನವಿಡೀ ಬಾಳಬೇಕಾದ ನರಕೋಶಗಳಲ್ಲಿ ಇದಕ್ಕೆ ಬಲವಾದ ತಡೆಗಳಿವೆ. ಎಚ್ಚೆತ್ತ ಕ್ಯಾಸ್ಪೇಸನ್ನು ಹಿಡಿದು ಅದುಮುವ ಪ್ರೋಟೀನುಗಳು ಅಲ್ಲಿರುತ್ತವೆ. ಚಕ್ರ ಕಟ್ಟುವ ಪ್ರೋಟೀನಿನ ಪ್ರಮಾಣವೂ ಬಲಿತ ನರಕೋಶದಲ್ಲಿ ಕಡಿಮೆಯಾಗಿರುತ್ತದೆ.

5. ಸಂಶಯ ಮತ್ತು ಅದರ ತೊಡಕು

ಬೀಟಾ ಅಮೈಲಾಯ್ಡನ್ನು ಪ್ರಯೋಗಾಲಯದ ನರಕೋಶಗಳ ಮೇಲೆ ಹಾಕಿದಾಗ ಅವು ಅಪೊಪ್ಟೋಸಿಸ್ ಲಕ್ಷಣಗಳೊಡನೆ ಸತ್ತವು. ಮೃತ ರೋಗಿಗಳ ಮಿದುಳುಗಳಲ್ಲಿ ತುಂಡಾದ ಡಿ.ಎನ್.ಎ.ಯೂ ಎಚ್ಚೆತ್ತ ಕ್ಯಾಸ್ಪೇಸ್‌ಗಳೂ ಕಂಡುಬಂದವು. ಇವೆರಡನ್ನೂ ಕೂಡಿಸಿ, ಅಮೈಲಾಯ್ಡ್ ಕ್ಯಾಸ್ಪೇಸನ್ನು ಎಬ್ಬಿಸುತ್ತದೆ, ಕ್ಯಾಸ್ಪೇಸ್ ನರಕೋಶವನ್ನು ಕೊಲ್ಲುತ್ತದೆ, ನರಕೋಶಗಳು ಸತ್ತು ಮರೆವು ಬರುತ್ತದೆ ಎಂಬ ಸರಳ ಸೂತ್ರವನ್ನು ಮಂಡಿಸಲಾಯಿತು.

ಈ ಸೂತ್ರಕ್ಕೆ ಮೊದಲು ಎದುರಾದ ಆಕ್ಷೇಪ ಲೆಕ್ಕದ್ದು. ಅಪೊಪ್ಟೋಸಿಸ್ ಗಂಟೆಗಳಲ್ಲಿ ಮುಗಿಯುವ ಕ್ರಿಯೆ. ಆಲ್ಝೈಮರ್ ಕಾಯಿಲೆಯಾದರೋ ವರ್ಷಗಟ್ಟಲೆ ಸಾಗುವಂಥದು. ಹಾಗಿದ್ದಮೇಲೆ ಯಾವುದೇ ಒಂದು ಗಳಿಗೆಯಲ್ಲಿ ಸಾಯುತ್ತಿರುವ ಕೋಶಗಳು ಬೆರಳೆಣಿಕೆಯಷ್ಟು ಮಾತ್ರ ಕಾಣಬೇಕು. ಆದರೆ ಡಿ.ಎನ್.ಎ. ತುಂಡಾದ ನರಕೋಶಗಳು ಅದಕ್ಕಿಂತ ಎಷ್ಟೋ ಹೆಚ್ಚಾಗಿ ಕಂಡವು. ಅವೆಲ್ಲ ಅಪೊಪ್ಟೋಸಿಸ್‌ನಿಂದ ಸಾಯುತ್ತಿದ್ದರೆ ಮಿದುಳು ಅಲ್ಪಕಾಲದಲ್ಲಿಯೇ ಬರಿದಾಗಬೇಕಿತ್ತು. ಎರಡನೆಯ ಆಕ್ಷೇಪ ಸಾಮಗ್ರಿಯದು. ಮೃತ್ಯುವಿಗೂ ಮಿದುಳನ್ನು ಸಂರಕ್ಷಿಸುವುದಕ್ಕೂ ನಡುವೆ ಕಳೆಯುವ ಅವಧಿಯಲ್ಲಿ ಡಿ.ಎನ್.ಎ. ತಾನಾಗಿಯೂ ಒಡೆಯಬಹುದು. ಮೂರನೆಯದು, ರೋಗಿಗಳ ನರಕೋಶಗಳಲ್ಲಿ ಅಪೊಪ್ಟೋಸಿಸ್‌ನ ಪೂರ್ಣ ಚಹರೆ, ಅಂದರೆ ಕುಗ್ಗಿದ ಕೋಶಕೇಂದ್ರ ಮತ್ತು ಹರಿದ ತುಣುಕುಗಳು, ಬಲು ಅಪರೂಪ. ಎಚ್ಚೆತ್ತ ಕ್ಯಾಸ್ಪೇಸ್ ಇದೆ, ಸಾವಿನ ಚಹರೆ ಇಲ್ಲ ಎಂಬ ವಿರೋಧಾಭಾಸ ಹೀಗೆ ಉಂಟಾಯಿತು.

6. ಕೊಲ್ಲದೆ ಕತ್ತರಿಸುವ ಕಿಣ್ವ

2000ದ ನಂತರದ ಸಂಶೋಧನೆಗಳು ಈ ವಿರೋಧಾಭಾಸವನ್ನು ಬಿಡಿಸುವ ದಾರಿ ತೋರಿದವು. ಕ್ಯಾಸ್ಪೇಸ್ ಎಚ್ಚರಗೊಂಡೂ ಕೋಶ ಬದುಕಿರಬಹುದು. ಬದುಕಿರುವಾಗಲೇ ಕ್ಯಾಸ್ಪೇಸ್ ಹಾನಿ ಮಾಡಬಹುದು ಎಂಬುದು ಈ ಸಂಶೋಧನೆಗಳ ಸಾರ.

ಮೊದಲನೆಯ ಸಾಕ್ಷ್ಯ ಟೌ ಪ್ರೋಟೀನಿನದು. ಟೌ ಸರಪಳಿಯ 421ನೆಯ ಸ್ಥಾನದಲ್ಲಿರುವ ಆಸ್ಪಾರ್ಟೇಟಿನ ಬಳಿ ಕ್ಯಾಸ್ಪೇಸ್ ಅದನ್ನು ಕತ್ತರಿಸುತ್ತದೆಂದೂ ಹೀಗೆ ಮೊಟಕಾದ ಟೌ ಬೇಗನೆ ಎಳೆಗಟ್ಟುತ್ತದೆಂದೂ 2003ರಲ್ಲಿ ವರದಿಯಾಯಿತು. 2010ರಲ್ಲಿ ಡಿ ಕ್ಯಾಲಿನ್ಯೋ ಮತ್ತು ಸಂಗಡಿಗರು ಟೌ ವಿಕಾರವುಳ್ಳ ಇಲಿಗಳ ಜೀವಂತ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ದಿನದಿನವೂ ವೀಕ್ಷಿಸಿದರು. ನರಕೋಶವೊಂದರಲ್ಲಿ ಮೊದಲು ಕ್ಯಾಸ್ಪೇಸ್ ಎಚ್ಚರಗೊಂಡು, ಗಂಟೆಗಳಿಂದ ಕೆಲವು ದಿನಗಳೊಳಗೆ ಅದೇ ಕೋಶದಲ್ಲಿ ಸಿಕ್ಕು ಕಾಣಿಸಿಕೊಂಡಿತು. ಕೋಶ ಮಾತ್ರ ಸಾಯಲಿಲ್ಲ. ಸಿಕ್ಕಿನಿಂದ ಕ್ಯಾಸ್ಪೇಸ್ ಏಳುತ್ತದೆಂಬ ಊಹೆಯ ಕ್ರಮ ಇಲ್ಲಿ ತಲೆಕೆಳಗಾಯಿತು.

ಎರಡನೆಯ ಸಾಕ್ಷ್ಯ ನರಸಂಧಿಯದು. ಎರಡು ನರಕೋಶಗಳು ಸಂಧಿಸಿ ಸಂದೇಶವನ್ನು ದಾಟಿಸುವ ಈ ತಾಣಗಳೇ ನೆನಪಿಗೆ ಆಧಾರ. ಆರೋಗ್ಯವಂತ ಮಿದುಳಿನಲ್ಲಿಯೂ 3ನೆಯ ಕ್ಯಾಸ್ಪೇಸ್ ಅಲ್ಪ ಪ್ರಮಾಣದಲ್ಲಿ ಎಚ್ಚರಗೊಂಡು ಕೆಲವು ಸಂಧಿಗಳನ್ನು ದುರ್ಬಲಗೊಳಿಸುವ ನಿತ್ಯದ ಕೆಲಸದಲ್ಲಿ ತೊಡಗಿರುತ್ತದೆಂದು 2010ರಲ್ಲಿ ತಿಳಿದುಬಂದಿತು. ಬೇಡದ ಸಂಧಿಗಳನ್ನು ಸಡಿಲಿಸುವುದೂ ಕಲಿಕೆಯ ಒಂದು ಭಾಗವೇ ಆಗಿದೆ. ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಮರೆವು ತಲೆದೋರುವ ಹಂತದಲ್ಲಿಯೇ ಇದೇ ಕಿಣ್ವ ನರಸಂಧಿಗಳಲ್ಲಿ ಅತಿಯಾಗಿ ಸಕ್ರಿಯವಾಗಿರುವುದನ್ನು ಡಿ'ಅಮೆಲಿಯೊ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಆ ಹಂತದಲ್ಲಿ ನರಕೋಶಗಳು ಸತ್ತಿರಲಿಲ್ಲ. ಕಿಣ್ವವನ್ನು ತಡೆದಾಗ ಸಂಧಿಗಳೂ ನೆನಪೂ ಸುಧಾರಿಸಿದವು. ದಾಳಿಂಬೆಯ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಇಲ್ಲಿ ಗಿಡ ಸತ್ತಿಲ್ಲ. ರೆಂಬೆ ಸವರುವ ಕತ್ತರಿ ಹಂಗಾಮಲ್ಲದ ಕಾಲದಲ್ಲಿ ಹೂಬಿಟ್ಟ ರೆಂಬೆಗಳ ಮೇಲೆ ಆಡಿದೆ.

ಮೂರನೆಯದು ಉರಿಯೂತದ ಸಾಕ್ಷ್ಯ. 1ನೆಯ ಕ್ಯಾಸ್ಪೇಸ್ ಅಪೊಪ್ಟೋಸಿಸ್‌ನ ಕಿಣ್ವವೇ ಅಲ್ಲ. ಮಿದುಳಿನ ಕಾವಲುಕೋಶಗಳಲ್ಲಿ ಉರಿಯೂತದ ಸಂದೇಶವಾಹಕವನ್ನು ಸಿದ್ಧಪಡಿಸುವುದು ಅದರ ಕೆಲಸ. ಈ ವ್ಯವಸ್ಥೆಯ ಜೀನುಗಳನ್ನು ತೆಗೆದುಹಾಕಿದ ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಅಮೈಲಾಯ್ಡಿನ ಜಮಾವಣೆಯೂ ಮರೆವೂ ಕಡಿಮೆಯಾದುದನ್ನು 2013ರಲ್ಲಿ ಹೆನೆಕಾ ಮತ್ತು ಸಂಗಡಿಗರು ವರದಿ ಮಾಡಿದರು.

ಹಾಗಾದರೆ ಕೊನೆಗೆ ನರಕೋಶಗಳನ್ನು ಕೊಲ್ಲುವುದು ಯಾವುದು? ಕ್ಯಾಸ್ಪೇಸ್‌ಗಳ ಪಾತ್ರವನ್ನು ಅಲ್ಲಿ ಪೂರ್ತಿಯಾಗಿ ಅಲ್ಲಗಳೆದಿಲ್ಲ. ಆದರೆ ಕ್ಯಾಸ್ಪೇಸ್ ಇಲ್ಲದೆಯೇ ನಡೆಯುವ 'ನೆಕ್ರೊಪ್ಟೋಸಿಸ್' ಎಂಬ ಇನ್ನೊಂದು ವ್ಯವಸ್ಥಿತ ಮರಣದ ಕಡೆಗೆ ಇತ್ತೀಚಿನ ಸಾಕ್ಷ್ಯಗಳು ಬೆರಳು ಮಾಡುತ್ತಿವೆ. ಇಲಿಯ ಮಿದುಳಿನಲ್ಲಿ ನಾಟಿಮಾಡಿದ ಮಾನವ ನರಕೋಶಗಳು ಅಮೈಲಾಯ್ಡಿನ ನೆರೆಯಲ್ಲಿ ಈ ಬಗೆಯಲ್ಲಿ ಸತ್ತುದನ್ನು 2023ರ ಅಧ್ಯಯನವೊಂದು ತೋರಿಸಿತು.

7. ಕರ್ನಾಟಕದ ಸಂಶೋಧನೆಗಳು

ಈ ಚರ್ಚೆಗೆ ನಮ್ಮ ನಾಡಿನ ಸಂಸ್ಥೆಗಳ ಕೊಡುಗೆಯೂ ಇದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ. ಎಸ್. ಜಗನ್ನಾಥರಾವ್ ಅವರೂ ಸಹೋದ್ಯೋಗಿಗಳೂ ತೀವ್ರ ಆಲ್ಝೈಮರ್ ರೋಗಿಗಳ ಹಿಪೊಕ್ಯಾಂಪಸ್‌ನಲ್ಲಿ ಡಿ.ಎನ್.ಎ.ಯ ಸುರುಳಿಯೇ ಸಹಜವಾದ ಬಲಮುರಿ ರೂಪದಿಂದ ಎಡಮುರಿ ರೂಪದ ಕಡೆಗೆ ಬದಲಾಗಿರುವುದನ್ನು 2002ರಲ್ಲಿ ವರದಿ ಮಾಡಿದರು. ಡಿ.ಎನ್.ಎ. ತುಂಡಾಗುವುದಷ್ಟೇ ಅದಕ್ಕೆ ಒದಗುವ ಹಾನಿಯಲ್ಲ ಎಂಬುದನ್ನು ಈ ಕೆಲಸ ಮುಂದಿಟ್ಟಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆಡ್ಡಿ ಪೀರಾ ಕೊಮ್ಮದ್ದಿ, ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನರಸಂಧಿಯನ್ನು ಕುರಿತದ್ದು. ಸಂಧಿಯ ಚಾಚುಗಳಿಗೆ ಆಕಾರ ಕೊಡುವ ಆಕ್ಟಿನ್ ಎಳೆಗಳು, ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಒಂದು ತಿಂಗಳ ಪ್ರಾಯದಲ್ಲಿಯೇ, ಗಡ್ಡೆಗಳು ಹುಟ್ಟುವುದಕ್ಕೆ ಬಹು ಮೊದಲೇ ಕುಸಿಯತೊಡಗುತ್ತವೆ. ಅವುಗಳನ್ನು ಸ್ಥಿರಗೊಳಿಸಿದಾಗ ನೆನಪಿನ ವರ್ತನೆ ಸುಧಾರಿಸುತ್ತದೆ. ಸಾವಿಗಿಂತ ಮೊದಲು ಸಂಬಂಧಗಳು ಸಡಿಲವಾಗುತ್ತವೆಂಬ ಮೇಲಿನ ನಿಲುವಿಗೆ ಇದು ಬೇರೊಂದು ದಿಕ್ಕಿನಿಂದ ಬಂದ ಪುಷ್ಟಿ.

ಮೃತ ಮಿದುಳಿನ ಸಾಮಗ್ರಿಯ ಪ್ರಶ್ನೆ ಹಿಂದೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗವಿಜ್ಞಾನಿ ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಆರಂಭವಾದ ಮಿದುಳು ಭಂಡಾರ ಇಂಥ ಸಂಶೋಧನೆಗೆ ಅಗತ್ಯವಾದ ಅಂಗಾಂಶವನ್ನು ಕುಟುಂಬಗಳ ದಾನದಿಂದ ಸಂಗ್ರಹಿಸುತ್ತ ಬಂದಿದೆ. ಜೀವಂತ ಸಮುದಾಯದ ಅಧ್ಯಯನಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನು ಆಯ್ದುಕೊಳ್ಳಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಅಲ್ಲಿ 45 ವರ್ಷ ಮೀರಿದ ಹತ್ತು ಸಾವಿರ ಗ್ರಾಮೀಣರನ್ನು ದೀರ್ಘಕಾಲ ಅನುಸರಿಸುವ ಗುರಿಯುಳ್ಳ ಯೋಜನೆಯನ್ನು ಕೈಗೊಂಡಿದೆ.

8. ಚಿಕಿತ್ಸೆಯ ಪ್ರಶ್ನೆ

ಕ್ಯಾಸ್ಪೇಸ್ ಹಾನಿಕರವಾದರೆ ಅದನ್ನು ತಡೆಯುವ ಔಷಧ ಏಕಿಲ್ಲ ಎಂಬ ಪ್ರಶ್ನೆ ಸಹಜ. ಮೈನೊಸೈಕ್ಲಿನ್ ಎಂಬ ಹಳೆಯ ಪ್ರತಿಜೈವಿಕವು ಪ್ರಾಣಿಪ್ರಯೋಗಗಳಲ್ಲಿ ಉರಿಯೂತವನ್ನೂ ಕ್ಯಾಸ್ಪೇಸ್‌ಗಳನ್ನೂ ತಗ್ಗಿಸುತ್ತಿತ್ತು. ಬ್ರಿಟನ್ನಿನಲ್ಲಿ ಸೌಮ್ಯ ಆಲ್ಝೈಮರ್ ಇದ್ದ 544 ರೋಗಿಗಳ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. 1ನೆಯ ಕ್ಯಾಸ್ಪೇಸನ್ನು ತಡೆಯುವ ವಿಎಕ್ಸ್-765 ಎಂಬ ಸಂಯುಕ್ತ 2018ರಲ್ಲಿ ಇಲಿಗಳ ನೆನಪನ್ನು ಮರಳಿಸಿತು. ಆದರೆ ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲಿ ಫಲಿಸದಿರುವುದಕ್ಕೆ ಈ ರೋಗದ ಇತಿಹಾಸದಲ್ಲಿ ನಿದರ್ಶನಗಳು ಬಹಳ. ಇದಲ್ಲದೆ ಕ್ಯಾಸ್ಪೇಸ್‌ಗಳು ದೇಹದಲ್ಲೆಲ್ಲ ಹಾಳಾದ ಕೋಶಗಳನ್ನು ತೆಗೆದುಹಾಕುತ್ತ ಅರ್ಬುದದ ವಿರುದ್ಧ ಕಾವಲು ನಿಂತಿವೆ. ಅವುಗಳನ್ನು ವರ್ಷಗಟ್ಟಲೆ ಕಟ್ಟಿಹಾಕುವುದು ಅಪಾಯದ ಮಾರ್ಗ. ಅಮೈಲಾಯ್ಡನ್ನು ತೆರವುಗೊಳಿಸುವ ಲೆಕಾನೆಮ್ಯಾಬ್ ಎಂಬ ಪ್ರತಿಕಾಯಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ದೊರೆಯಿತು. ಅದು ಹದಿನೆಂಟು ತಿಂಗಳಲ್ಲಿ ಕುಸಿತದ ವೇಗವನ್ನು ಶೇಕಡಾ 27ರಷ್ಟು ತಗ್ಗಿಸಿತೇ ಹೊರತು ರೋಗವನ್ನು ನಿಲ್ಲಿಸಲಿಲ್ಲ. ಮಿದುಳಿನ ಬಾವು ಮತ್ತು ರಕ್ತಸ್ರಾವದ ಅಪಾಯವೂ ಅದಕ್ಕಿದೆ.

9. ಪರಿಭಾಷೆಯ ವಿಚಾರ

ಮೇಲಿನ ವಿವರಣೆಯ ಹಿನ್ನೆಲೆಯಲ್ಲಿ ಪದಗಳನ್ನು ಪುನಃ ಪರಿಶೀಲಿಸಬಹುದು. 'ಕಿಣ್ವ' ಎಂಬುದು ಸಂಸ್ಕೃತದಲ್ಲಿ ಮದ್ಯದ ತಯಾರಿಕೆಗೆ ಬಳಸುವ ಹುದುಗಿನ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆ ಅರ್ಥದಲ್ಲಿಯೇ ಬರುತ್ತದೆ. ಕಿಣ್ವದಿಂದ ಮಾದಕಶಕ್ತಿ ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆಂಬುದು ಲೋಕಾಯತರ ವಾದವಾಗಿತ್ತು. ಚೈತನ್ಯವು ಕ್ಷೀಣಿಸುವ ರೋಗವೊಂದರ ಚರ್ಚೆಯಲ್ಲಿ ಅದೇ ಪದ ಮತ್ತೆ ಎದುರಾಗುವುದು ಕುತೂಹಲಕರ. ಇಂಥ ಹಳೆಯ ಪದವನ್ನು ಹೊಸ ಅರ್ಥಕ್ಕೆ ಒಗ್ಗಿಸಿಕೊಂಡದ್ದು ಕನ್ನಡದ ವಿಜ್ಞಾನ ಸಾಹಿತ್ಯದ ಯಶಸ್ಸುಗಳಲ್ಲಿ ಒಂದು.

'ಕೋಶಹಂತಕ ಕಿಣ್ವ' ಎಂಬ ಪ್ರಯೋಗದಲ್ಲಿ ಆ ಎಚ್ಚರ ಕಾಣುವುದಿಲ್ಲ. ಅದು ಕಿಣ್ವದ ಒಂದು ಪರಿಣಾಮವನ್ನು ಅದರ ಸ್ವಭಾವವೆಂದು ಹೇಳುತ್ತದೆ. ಅದನ್ನು ಓದಿದವರು ಎಚ್ಚೆತ್ತ ಕ್ಯಾಸ್ಪೇಸ್ ಇದ್ದಲ್ಲಿ ಸಾವನ್ನೇ ನಿರೀಕ್ಷಿಸುತ್ತಾರೆ. ಸಂಶೋಧಕರೂ ಕೆಲವು ಕಾಲ ಹಾಗೆಯೇ ನಿರೀಕ್ಷಿಸಿ ದಾರಿ ತಪ್ಪಿದ್ದರು. ಮೂಲ ಹೆಸರಿನಲ್ಲಿರುವಂತೆ ಕ್ರಿಯೆಯನ್ನೇ ಹಿಡಿದು 'ಕತ್ತರಿ ಕಿಣ್ವ' ಎಂದರೆ ನಿತ್ಯದ ಸವರುವಿಕೆ, ರೋಗದ ಹಾನಿ, ಕೊನೆಯ ಮರಣ ಮೂರಕ್ಕೂ ಅವಕಾಶವಿರುತ್ತದೆ. ಹಾಗೆಯೇ ಅಪೊಪ್ಟೋಸಿಸ್‌ಗೆ 'ಕಳಚುಸಾವು' ಎಂಬ ಪದವನ್ನು ಪರಿಗಣಿಸಬಹುದು. 'ತೊಟ್ಟು ಕಳಚು' ಎಂಬ ನಮ್ಮ ನುಡಿ ಗ್ರೀಕ್ ಮೂಲಕ್ಕೆ ಸಮೀಪವಾಗಿದೆ. ಡಿಮೆನ್ಷಿಯಾಕ್ಕೆ 'ಬುದ್ಧಿಮಾಂದ್ಯ' ಎಂಬುದನ್ನು ಬಳಸುವುದಂತೂ ತಪ್ಪು. ಅದು ಹುಟ್ಟಿನಿಂದ ಬರುವ ಸ್ಥಿತಿಗೆ ರೂಢಿಯಾದ ಪದ. ಇದಾದರೋ ಇದ್ದದ್ದನ್ನು ಕಳೆದುಕೊಳ್ಳುವ ರೋಗ. 'ಮರೆಗುಳಿ ಕಾಯಿಲೆ' ಎಂಬ ರೂಢಿಯ ಮಾತು ಅದಕ್ಕಿಂತ ಮೇಲು.

ಪರಿಭಾಷೆಗಿಂತಲೂ ತುರ್ತಾದ ಇನ್ನೊಂದು ಕಾರ್ಯಕ್ಷೇತ್ರ ರೋಗಪರೀಕ್ಷೆಯ ಭಾಷೆ. ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಇಂಗ್ಲಿಷ್ ಪರೀಕ್ಷೆಯೊಂದರಲ್ಲಿ ಐದಕ್ಷರದ ಪದವೊಂದರ ಕಾಗುಣಿತವನ್ನು ಹಿಂದಿನಿಂದ ಹೇಳಿಸುತ್ತಾರೆ. ಗುಣಿತಾಕ್ಷರ, ಒತ್ತಕ್ಷರಗಳ ಕನ್ನಡದಲ್ಲಿ ಅದಕ್ಕೆ ನೇರ ಸಮಾನವಿಲ್ಲ; ಅಕ್ಷರ ಬಾರದವರಿಗಂತೂ ಅದು ಅರ್ಥಹೀನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾರತೀಯ ಭಾಷೆಗಳಲ್ಲಿ ರೂಪಿಸಿರುವ ಪರೀಕ್ಷಾ ಸಂಚಯದಲ್ಲಿ ಕನ್ನಡವೂ ಒಂದಾಗಿರುವುದು ಸಮಾಧಾನದ ವಿಷಯ. ಆದರೆ ಒಂದು ಕನ್ನಡದೊಳಗೆ ಹಲವು ಕನ್ನಡಗಳಿವೆ. ಬಾದಾಮಿ, ಹುನಗುಂದಗಳ ಅಜ್ಜಿಯೊಬ್ಬಳು ಚಿತ್ರ ನೋಡಿ 'ಉಳ್ಳಾಗಡ್ಡಿ' ಎಂದರೆ ಅದು ತಪ್ಪಲ್ಲ. 'ಸೀಬೆ' ಎಂಬ ಹೆಸರು ತಿಳಿಯದೆ 'ಪೇರಲ' ಎಂದರೆ ಅದು ಮರೆವೂ ಅಲ್ಲ. ಪ್ರದೇಶಭೇದವನ್ನು ರೋಗಲಕ್ಷಣವೆಂದು ಎಣಿಸದಂತೆ, ಹಾಗೆಯೇ ರೋಗಲಕ್ಷಣವನ್ನು ಪ್ರದೇಶಭೇದವೆಂದು ಬಿಟ್ಟುಬಿಡದಂತೆ ವೈದ್ಯರಿಗೆ ನೆರವಾಗಬಲ್ಲವರು ಉಪಭಾಷೆಗಳ ಅಧ್ಯಯನಕಾರರೇ.

ಭಾಷೆಗೂ ಈ ರೋಗಕ್ಕೂ ಇರುವ ಇನ್ನೊಂದು ನಂಟನ್ನು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳ ಅಧ್ಯಯನದಿಂದ 2013ರಲ್ಲಿ ತೋರಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಅನಕ್ಷರಸ್ಥರಲ್ಲಿಯೂ ಈ ವ್ಯತ್ಯಾಸವಿತ್ತು. ಬಹುಭಾಷಿಕತೆ ರೋಗವನ್ನು ತಡೆಯುತ್ತದೆಂದು ಇದರ ಅರ್ಥವಲ್ಲ. ಹಾನಿ ನಡೆಯುತ್ತಿದ್ದರೂ ಹೆಚ್ಚು ಕಾಲ ತಾಳಿಕೊಳ್ಳುವ ಮೀಸಲು ಶಕ್ತಿ ಮಿದುಳಿಗೆ ದೊರೆಯುತ್ತದೆಂಬುದು ಇದರ ವಿವರಣೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಆದರೂ ಕನ್ನಡ, ಉರ್ದು, ಮರಾಠಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಇಂಥ ಅಧ್ಯಯನಕ್ಕೆ ವಿಶೇಷ ಅವಕಾಶವಿದೆ.

10. ಉಪಸಂಹಾರ

ಒಟ್ಟಿನಲ್ಲಿ, ಆಲ್ಝೈಮರ್ ಕಾಯಿಲೆಯಲ್ಲಿ ಕ್ಯಾಸ್ಪೇಸ್‌ಗಳು ನರಕೋಶವನ್ನು ಒಮ್ಮೆಲೇ ಕೊಲ್ಲುವ ಹಂತಕಗಳೆಂಬುದಕ್ಕಿಂತ, ಕೋಶ ಬದುಕಿರುವಾಗಲೇ ಅದರ ಟೌ ಪ್ರೋಟೀನನ್ನೂ ನರಸಂಧಿಗಳನ್ನೂ ಅಕಾಲದಲ್ಲಿ ಸವರುವ ಕಿಣ್ವಗಳೆಂಬುದು ಈವರೆಗಿನ ಸಾಕ್ಷ್ಯಗಳಿಗೆ ಹೆಚ್ಚು ಹೊಂದುತ್ತದೆ. ಈ ಸಾಕ್ಷ್ಯಗಳ ಬಹುಭಾಗ ಇಲಿಗಳಿಂದ ಬಂದುದೆಂಬ ಮಿತಿಯನ್ನೂ ಮರೆಯಲಾಗದು. ಈ ತಿಳಿವಳಿಕೆಗೆ ವ್ಯಾವಹಾರಿಕವಾದ ಒಂದು ಅರ್ಥವಿದೆ. ಹಾನಿಗೂ ಸಾವಿಗೂ ನಡುವೆ ಕಾಲಾವಕಾಶವಿದೆಯೆಂದಾದರೆ ರೋಗವನ್ನು ಬೇಗ ಗುರುತಿಸುವುದಕ್ಕೆ ಬೆಲೆಯುಂಟು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆಗಳಿಂದ ಬರುವ ಮರೆವಿಗೆ ಇಂದೇ ಚಿಕಿತ್ಸೆಯಿದೆ. ಆಲ್ಝೈಮರ್ ಎಂದು ತಿಳಿದಲ್ಲಿ ಆರೈಕೆಯನ್ನು ಸಜ್ಜುಗೊಳಿಸಿಕೊಳ್ಳಲು ಕುಟುಂಬಕ್ಕೆ ಸಮಯ ದೊರೆಯುತ್ತದೆ. 'ಅರಳು ಮರಳು' ಎಂದು ಕೈಬಿಟ್ಟ ಮನೆಯಲ್ಲಿ ಇವೆರಡೂ ನಡೆಯುವುದಿಲ್ಲ. ಗಾದೆಯನ್ನು ನುಡಿಯ ಸಂಪತ್ತಾಗಿ ಉಳಿಸಿಕೊಂಡು, ರೋಗನಿರ್ಣಯದ ಸ್ಥಾನದಿಂದ ಅದನ್ನು ಇಳಿಸುವ ಕೆಲಸದಲ್ಲಿ ವೈದ್ಯರಷ್ಟೇ ಹೊಣೆ ಕನ್ನಡವನ್ನು ಕಲಿಸುವವರಿಗೂ ಇದೆ.